ಬೇಸಿಗೆ ಬಂದೊಡನೆ ನಿಂತುಹೋಗುವ ವ್ಯಾಯಾಮ: ಕಲಬುರಗಿಯಲ್ಲಿ ವರ್ಷವಿಡೀ ನಡೆಸುವ ದಾರಿ ಯಾವುದು?

ಪ್ರಶ್ನೆ: ಸೇಡಂ ರಸ್ತೆಯ ನಿವಾಸಿ, ಕಲಬುರಗಿ

ಎಲ್ಲರಿಗೂ ಶರಣು. ನಾನು ಇಲ್ಲಿನ ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ವಯಸ್ಸು 41. ದಿನದ ಬಹುಭಾಗ ಕುರ್ಚಿಯಲ್ಲಿಯೇ ಕಳೆಯುತ್ತದೆ. ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ. ಇತ್ತೀಚೆಗೆ ನನ್ನ ರಕ್ತಪರೀಕ್ಷೆಯ ವರದಿಯನ್ನು ನೋಡಿದ ವೈದ್ಯರು, ಈಗಲೇ ಔಷಧದ ಅಗತ್ಯವಿಲ್ಲ, ಆದರೆ ಸೊಂಟದ ಸುತ್ತಳತೆ ಇಳಿಯಬೇಕು ಮತ್ತು ವ್ಯಾಯಾಮ ನಿಯಮಿತವಾಗಿರಬೇಕು ಎಂದು ಹೇಳಿದ್ದಾರೆ.

ದೀಪಾವಳಿಯಿಂದ ಶಿವರಾತ್ರಿಯವರೆಗೆ ನನಗೆ ಯಾವ ತೊಂದರೆಯೂ ಇಲ್ಲ. ಬೆಳಿಗ್ಗೆ ಅಪ್ಪನ ಕೆರೆಯ ದಂಡೆಯಲ್ಲಿಯೋ ಸಾರ್ವಜನಿಕ ಉದ್ಯಾನದಲ್ಲಿಯೋ ನಡೆಯುತ್ತೇನೆ, ದಿನವೂ ಕಾಣುವ ನಾಲ್ಕು ಮುಖಗಳು ಸಿಗುತ್ತವೆ, ಮನಸ್ಸೂ ಹಗುರಾಗುತ್ತದೆ. ಯುಗಾದಿ ದಾಟಿದ ಮೇಲೆ ಬೆಳಿಗ್ಗೆ ಏಳು ಗಂಟೆಗೇ ಬಿಸಿಲು ಚುರುಗುಟ್ಟತೊಡಗುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುವುದರಿಂದ ನಡಿಗೆಗೆ ಇದ್ದ ಸಮಯವನ್ನು ಕಚೇರಿಯೇ ತೆಗೆದುಕೊಳ್ಳುತ್ತದೆ. ಸಂಜೆ ಹೊರಗೆ ಹೋಗೋಣವೆಂದರೆ ಡಾಂಬರು ರಸ್ತೆಯಿಂದ ಝಳ ಏಳುತ್ತಿರುತ್ತದೆ, ರಾತ್ರಿ ಸೆಕೆಯಿಂದ ನಿದ್ದೆ ಹತ್ತುವುದಿಲ್ಲ. ಹೀಗೆ ನಿಂತದ್ದು ಮಳೆಗಾಲ ಬಂದ ಮೇಲೂ ಬೇಗ ಕೈಗೆ ಹತ್ತುವುದಿಲ್ಲ, ಚಳಿಗಾಲದಲ್ಲಿ ಗಳಿಸಿದ ಶಕ್ತಿಯೆಲ್ಲ ಅಷ್ಟರಲ್ಲಿ ಕರಗಿರುತ್ತದೆ.

ನಮ್ಮ ಊರಿನ ಬೇಸಿಗೆಗೆ ಹೊಂದುವಂತೆ, ಜಿಮ್‌ಗೆ ಹೋಗದೆ ಮನೆಯಲ್ಲಿಯೇ ಮಾಡಬಹುದಾದ ಕ್ರಮ ಯಾವುದು, ಉಮೇದು ಕುಗ್ಗಿದ ದಿನಗಳಲ್ಲಿ ಅದನ್ನು ಬಿಡದಿರಲು ಏನು ಮಾಡಬೇಕು, ಮತ್ತು ಜೋಳದ ರೊಟ್ಟಿ, ಬೇಳೆ, ಪಲ್ಯದ ನಮ್ಮ ಊಟ ಇದಕ್ಕೆ ಸಾಕಾಗುತ್ತದೆಯೇ ಎಂಬುದನ್ನು ತಿಳಿದವರು ವಿವರವಾಗಿ ಹೇಳಬೇಕೆಂದು ಕೋರುತ್ತೇನೆ. ನನ್ನ ಮನೆಯವರು ಮತ್ತು ಹನ್ನೆರಡು ವರ್ಷದ ಮಗಳು ಕೂಡ ಜೊತೆಗೆ ಮಾಡುವುದಾಗಿ ಹೇಳುತ್ತಿದ್ದಾರೆ.

ಉತ್ತರ: ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಕಲಬುರಗಿ

ಶರಣು ಸರ್. ತಾವು ಬರೆದದ್ದನ್ನು ನೋಡಿದರೆ ತಮ್ಮಲ್ಲಿ ಉಮೇದಿಗೆ ಕೊರತೆಯಿಲ್ಲ. ಚಳಿಗಾಲಕ್ಕೆ ಹೊಂದುವ ಒಂದೇ ವೇಳಾಪಟ್ಟಿಯನ್ನು ಬೇಸಿಗೆಗೂ ಎಳೆಯಲು ಹೋಗುವುದರಿಂದ ಅದು ಹರಿಯುತ್ತಿದೆ. ಈ ಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹಗಲಿನ ತಾಪಮಾನ 42 ಡಿಗ್ರಿ ದಾಟುವುದು ಹೊಸತಲ್ಲ. ಹೊಲದವರು, ಕಚೇರಿಯವರು, ಶಾಲೆಯವರು ಎಲ್ಲರೂ ಈ ಬಿಸಿಲಿಗೆ ತಕ್ಕಂತೆ ವೇಳೆ ಬದಲಿಸಿಕೊಳ್ಳುವಾಗ ವ್ಯಾಯಾಮವೊಂದೇ ಹಳೆಯ ವೇಳೆಯಲ್ಲಿ ಉಳಿಯಬೇಕೆಂದರೆ ಆಗದು. ವರ್ಷಕ್ಕೆ ಎರಡು ವೇಳಾಪಟ್ಟಿ ಇಟ್ಟುಕೊಳ್ಳಿರಿ, ಒಂದು ಹೊರಗಿನದು, ಇನ್ನೊಂದು ಮನೆಯೊಳಗಿನದು. ಶಿವರಾತ್ರಿ ಮುಗಿಯುತ್ತಿದ್ದಂತೆಯೇ, ಬಿಸಿಲು ಪೂರ್ತಿ ಏರುವ ಮೊದಲೇ, ಎರಡನೆಯದಕ್ಕೆ ಬಂದುಬಿಡಿರಿ.

ಗುರಿ ಎಷ್ಟಿರಬೇಕು ಎಂಬುದನ್ನು ಮೊದಲು ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಹೆಚ್ಚು ಬಿರುಸಿನ ಚಟುವಟಿಕೆ ಮಾಡಬೇಕು. ಇದರ ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಇರಬೇಕು. ಮಾತನಾಡಲು ಆಗಬೇಕು, ಆದರೆ ಹಾಡಲು ಉಸಿರು ಸಾಲಬಾರದು, ಅಂತಹ ನಡಿಗೆಯನ್ನು ಸಾಧಾರಣ ಬಿರುಸು ಎಂದು ತಿಳಿಯಬಹುದು. 150 ನಿಮಿಷವನ್ನು ಆರು ದಿನಕ್ಕೆ ಹಂಚಿದರೆ ದಿನಕ್ಕೆ 25 ನಿಮಿಷವಾಯಿತು, ಅದನ್ನು ಒಮ್ಮೆಲೇ ಮಾಡಬೇಕೆಂದೂ ಇಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕೆಂದು ಮೊಬೈಲ್ ನೋಡುತ್ತ ಕೊರಗುವವರನ್ನು ಉದ್ಯಾನದಲ್ಲಿ ಕಾಣುತ್ತೇನೆ. ಆ ಸಂಖ್ಯೆ ಪ್ರಚಾರಕ್ಕೆ ಬಂದದ್ದು 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಿಂದಲೇ ಹೊರತು ವೈದ್ಯಕೀಯ ಸಂಶೋಧನೆಯಿಂದಲ್ಲ. ಅದಕ್ಕಿಂತ ಕಡಿಮೆ ನಡೆದರೂ ಲಾಭವಿದೆ.

ಬೇಸಿಗೆಯಲ್ಲಿ ದಿನದ ಅತಿ ತಂಪಾದ ಹೊತ್ತು ಸೂರ್ಯೋದಯದ ಆಸುಪಾಸು. ರಾತ್ರಿ ಹತ್ತು ಗಂಟೆಗೂ ಆರ್‌ಸಿಸಿ ಛಾವಣಿ ಹಗಲು ಹೀರಿದ ಶಾಖವನ್ನು ಬಿಡುತ್ತಲೇ ಇರುತ್ತದೆ, ನಸುಕಿನ ಹೊತ್ತಿಗೆ ಮಾತ್ರ ಗೋಡೆ ಮತ್ತು ನೆಲ ತಣ್ಣಗಾಗಿರುತ್ತವೆ. ನಮ್ಮ ಮನೆಗಳಲ್ಲಿ ಶಹಾಬಾದಿ ಫರಸಿಯ ನೆಲವಿರುವುದು ಈ ವಿಷಯದಲ್ಲಿ ದೊಡ್ಡ ಅನುಕೂಲ. ಕಚೇರಿ ಎಂಟಕ್ಕೆ ಆರಂಭವಾಗುವುದಾದರೆ ಐದೂವರೆಗೆ ಎದ್ದು, ಐದೂಮುಕ್ಕಾಲರಿಂದ ಆರೂಕಾಲರ ತನಕ ಮನೆಯೊಳಗೆ ಕಿಟಕಿ ತೆರೆದಿಟ್ಟು ಮಾಡಿರಿ, ಆಮೇಲೆ ಸ್ನಾನ. ರಾತ್ರಿ ನಿದ್ದೆ ಬಾರದಿರಲು ಸೆಕೆಯೊಂದೇ ಕಾರಣವಾಗಿರದು. ಒಂದೂವರೆಗೆ ಕಚೇರಿ ಬಿಟ್ಟು ಮನೆಗೆ ಬಂದು ಉಂಡು ಐದು ಗಂಟೆಯವರೆಗೆ ಮಲಗಿದರೆ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಮಧ್ಯಾಹ್ನದ ನಿದ್ದೆಯನ್ನು ಅರ್ಧ ಗಂಟೆಗೆ ಇಳಿಸಿರಿ, ನಸುಕಿನಲ್ಲಿ ಏಳುವುದು ತಾನಾಗಿಯೇ ಸುಲಭವಾಗುತ್ತದೆ.

ಇನ್ನು ಏನು ಮಾಡಬೇಕು ಎಂಬುದು. ಬಸ್ಕಿ, ದಂಡ (ಪುಷ್-ಅಪ್), ಭಾರ ಎಳೆಯುವುದು ಮತ್ತು ಭಾರ ಹೊತ್ತು ನಡೆಯುವುದು, ಈ ನಾಲ್ಕರಲ್ಲಿ ಮೈಯ ದೊಡ್ಡ ಸ್ನಾಯುಗಳೆಲ್ಲ ಬರುತ್ತವೆ. ಬಸ್ಕಿಯನ್ನು ಹೊಸಬರು ಕುರ್ಚಿಯ ಸಹಾಯದಿಂದ ಕಲಿಯುವುದು ಲೇಸು. ಕುರ್ಚಿ ಜರುಗದಂತೆ ಅದರ ಬೆನ್ನನ್ನು ಗೋಡೆಗೆ ತಾಗಿಸಿ ಇಡಬೇಕು. ಅದರ ಮುಂದೆ, ಕುರ್ಚಿಗೆ ಬೆನ್ನು ಮಾಡಿ, ಪಾದಗಳನ್ನು ಭುಜದಷ್ಟು ಅಗಲಿಸಿ, ಬೆರಳುಗಳನ್ನು ತುಸು ಹೊರಗೆ ತಿರುಗಿಸಿ ನಿಲ್ಲಬೇಕು. ಎದೆ ಬಾಗಿಸದೆ, ಮೂರು ಎಣಿಸುತ್ತ ನಿಧಾನವಾಗಿ ಇಳಿದು, ಪೃಷ್ಠ ಕುರ್ಚಿಯ ಅಂಚಿಗೆ ತಾಗಿದೊಡನೆ ಭಾರ ಬಿಡದೆ ಮೇಲೇಳಬೇಕು. ಮೊಣಕಾಲು ಪಾದದ ದಿಕ್ಕಿನಲ್ಲಿಯೇ ಚಲಿಸಬೇಕು, ಒಳಗೆ ವಾಲಬಾರದು, ಹಿಮ್ಮಡಿ ನೆಲ ಬಿಡಬಾರದು. ತಾಲೀಮಿನ, ಅಂದರೆ ಗರಡಿಮನೆಯ, ಪೈಲ್ವಾನರು ಹಿಮ್ಮಡಿ ಎತ್ತಿ ವೇಗವಾಗಿ ಬಸ್ಕಿ ಹೊಡೆಯುವುದನ್ನು ನೋಡಿ ಮೊದಲ ದಿನವೇ ಅನುಕರಿಸುವುದು ಬೇಡ, ಅವರ ಕಾಲು ವರ್ಷಗಟ್ಟಲೆ ಪಳಗಿದ್ದು. ದಂಡವನ್ನು ಗೋಡೆಗೆ ಕೈ ಊರಿ ಆರಂಭಿಸಿ, ಅದು ಸಲೀಸಾದ ಮೇಲೆ ಕಟ್ಟೆಯ ಅಂಚಿಗೆ, ಕೊನೆಗೆ ನೆಲಕ್ಕೆ ಇಳಿಯಿರಿ.

ಭಾರಕ್ಕೆ ಹಣ ಖರ್ಚು ಮಾಡಬೇಕಾಗಿಲ್ಲ. ಅಡುಗೆ ಎಣ್ಣೆಯ ಐದು ಲೀಟರಿನ ಹಿಡಿಕೆಯ ಡಬ್ಬಿಗಳು ಪ್ರತಿ ಮನೆಯಲ್ಲಿ ಇರುತ್ತವೆ. ಒಂದು ಲೀಟರು ನೀರೆಂದರೆ ಒಂದು ಕಿಲೋ ಭಾರ. ಮೊದಲು ಎರಡೆರಡು ಲೀಟರು ತುಂಬಿ, ಸೊಂಟದಿಂದ ಬಾಗಿ, ಬೆನ್ನು ನೇರವಾಗಿಟ್ಟು, ಡಬ್ಬಿಯನ್ನು ಪಕ್ಕೆಯತ್ತ ಎಳೆಯಿರಿ. ಹನ್ನೆರಡು ಸಲ ಆರಾಮಾಗಿ ಎಳೆಯಲು ಬಂದಾಗ ಅರ್ಧ ಲೀಟರು ಹೆಚ್ಚಿಸಿರಿ. ಅದೇ ಡಬ್ಬಿಗಳನ್ನು ಎರಡು ಕೈಯಲ್ಲಿ ಹಿಡಿದು ಪಡಸಾಲೆಯಲ್ಲಿ ನಡೆಯಿರಿ. ದೇಹ ಬಲಗೊಳ್ಳುವುದು ಹೀಗೆ ಸ್ವಲ್ಪ ಸ್ವಲ್ಪವಾಗಿ ಏರುವ ಹೊರೆಯಿಂದ. ಹೊರೆ ಏರಿಸದೆ ವರ್ಷವಿಡೀ ಒಂದೇ ಲೆಕ್ಕ ಮಾಡಿದರೆ ಶಕ್ತಿ ನಿಂತಲ್ಲಿಯೇ ನಿಲ್ಲುತ್ತದೆ. ಮರುದಿನ ಅಥವಾ ಅದರ ಮರುದಿನ ತೊಡೆ, ತೋಳು ನೋಯುವುದು ಸಹಜ, ಮೂರು ದಿನದೊಳಗೆ ಇಳಿಯುತ್ತದೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು ಮಾಡಿರಿ, ಉಳಿದ ದಿನ ನಡಿಗೆ ಇರಲಿ.

ಉಮೇದಿನ ವಿಷಯ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಶಿಕ್ಷಕರ ತರಬೇತಿಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದೆ. ಹೊಸ ಅಭ್ಯಾಸವೊಂದು ಯೋಚಿಸದೆಯೇ ನಡೆಯುವಷ್ಟು ಒಗ್ಗಲು ಬೇಕಾದ ಕಾಲ 18 ದಿನದಿಂದ 254 ದಿನದವರೆಗೆ ಇತ್ತು, ಮಧ್ಯಮ ಸಂಖ್ಯೆ 66 ದಿನ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನಂಬಿ, ಇಪ್ಪತ್ತೆರಡನೆಯ ದಿನ ಬೇಸರವಾದಾಗ ತಮ್ಮಲ್ಲಿಯೇ ದೋಷ ಹುಡುಕುವವರು ಇದನ್ನು ತಿಳಿಯಬೇಕು. ಆ ಅಧ್ಯಯನದಲ್ಲಿ ಇನ್ನೊಂದು ಸಮಾಧಾನದ ಸಂಗತಿಯಿದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕಟ್ಟುವುದಕ್ಕೆ ಹೇಳಿಕೊಳ್ಳುವಂತಹ ಧಕ್ಕೆ ಆಗಲಿಲ್ಲ. ಜನ ತಾವು ಮೊದಲೇ ಮಾಡುತ್ತಿದ್ದ ಕೆಲಸಕ್ಕೆ ಹೊಸದನ್ನು ಗಂಟುಹಾಕಿಕೊಂಡಿದ್ದರು. ತಾವೂ ಹಾಗೆಯೇ, ಹಲ್ಲುಜ್ಜಿ ನೀರು ಕುಡಿದೊಡನೆ ಬಸ್ಕಿ ಎಂದು ಗೊತ್ತು ಮಾಡಿಕೊಳ್ಳಿರಿ. ಸೆಕೆಯಿಂದ ರಾತ್ರಿಯೆಲ್ಲ ಎಚ್ಚರವಿದ್ದ ದಿನ ಒಂದು ಸುತ್ತು ಬಸ್ಕಿ, ಒಂದು ಸುತ್ತು ದಂಡ, ಐದು ನಿಮಿಷದಲ್ಲಿ ಮುಗಿಸಿರಿ. ಆ ಐದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ ಎಂದು ಗಟ್ಟಿಯಾಗಿ ನಂಬಿರಿ, ಏಕೆಂದರೆ ಉಮೇದು ಬಹಳಷ್ಟು ಸಲ ಕೆಲಸಕ್ಕೆ ಕೈ ಹಾಕಿದ ಮೇಲೆಯೇ ಬರುತ್ತದೆ.

ಉತ್ತರ: ಪ್ರೌಢಶಾಲಾ ಶಿಕ್ಷಕಿ, ಬೀದರ್

ಗುರುಗಳು ಹೇಳಿದ ಬಹುಪಾಲು ಮಾತುಗಳನ್ನು ಒಪ್ಪುತ್ತೇನೆ. ಆದರೆ ನಸುಕಿನ ವೇಳೆಯ ಬಗ್ಗೆ ನನ್ನ ಅಭಿಪ್ರಾಯ ಬೇರೆ, ಅದನ್ನು ಗೌರವದಿಂದಲೇ ಹೇಳುತ್ತಿದ್ದೇನೆ. ಸಹೋದರರು ತಮ್ಮ ಮನೆಯವರೂ ಸೇರುತ್ತಾರೆ ಎಂದು ಬರೆದಿದ್ದಾರೆ. ಕಚೇರಿ ಎಂಟಕ್ಕೆ ಎಂದರೆ ಊಟದ ಡಬ್ಬಿ ಏಳಕ್ಕೆ ಸಿದ್ಧವಾಗಬೇಕು. ಐದೂಮುಕ್ಕಾಲಕ್ಕೆ ಹಿಟ್ಟು ನಾದಿ ರೊಟ್ಟಿ ಬಡಿಯುತ್ತಿರುವ ಹೆಣ್ಣುಮಗಳು ಆಗಲೇ ಬಸ್ಕಿಯನ್ನೂ ಮಾಡಬೇಕೆಂದರೆ ಅದು ನಡೆಯುವ ಮಾತಲ್ಲ. ಒಂದೋ ವ್ಯಾಯಾಮದ ದಿನ ಬೆಳಗಿನ ಅಡುಗೆಯನ್ನು ಇಬ್ಬರೂ ಹಂಚಿಕೊಳ್ಳಬೇಕು, ಇಲ್ಲವೇ ಅವರಿಗೆ ಬೇರೆ ವೇಳೆ ಇರಬೇಕು. ಇದನ್ನು ಮೊದಲ ದಿನವೇ ಕುಳಿತು ಮಾತನಾಡಿ ನಿರ್ಧರಿಸಿರಿ. ಮನೆಯಲ್ಲಿ ಒಬ್ಬರ ಆರೋಗ್ಯಕ್ಕಾಗಿ ಇನ್ನೊಬ್ಬರ ಹೊರೆ ಹೆಚ್ಚಾಗುವುದಾದರೆ ಆ ಕ್ರಮ ಬಹಳ ದಿನ ಉಳಿಯುವುದಿಲ್ಲ, ಉಳಿಯಲೂ ಬಾರದು.

ನಮ್ಮ ಬೀದರ್ ಎತ್ತರದ ಪ್ರಸ್ಥಭೂಮಿಯ ಮೇಲಿರುವುದರಿಂದ ರಾತ್ರಿಗಳು ಕಲಬುರಗಿಗಿಂತ ತುಸು ಸಹ್ಯ. ಇಲ್ಲಿ ನಾವು ಓಣಿಯ ಕೆಲವು ಹೆಣ್ಣುಮಕ್ಕಳು ರಾತ್ರಿ ಊಟವಾದ ಮೇಲೆ ಮಾಳಿಗೆಯ ಮೇಲೆ ಹದಿನೈದು ನಿಮಿಷ ನಡೆಯುತ್ತೇವೆ. ಊಟದ ನಂತರದ ನಡಿಗೆಯಲ್ಲಿ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳುವುದರಿಂದ ಅದು ಒಮ್ಮೆಲೇ ಏರುವುದು ತಗ್ಗುತ್ತದೆ. ತಂದೆಯವರಿಗೆ ಸಕ್ಕರೆ ಕಾಯಿಲೆ ಇರುವ ಮನೆಯಲ್ಲಿ ಇದು ಎಲ್ಲರಿಗೂ ಬೇಕಾದದ್ದೇ. ನಸುಕಿನ ಕತ್ತಲಲ್ಲಿ ಬೀದಿನಾಯಿಗಳ ಭಯವಿಲ್ಲದೆ, ಚಪ್ಪಲಿ ಹಾಕಿಕೊಂಡು ಮನೆಯ ಮೇಲೆಯೇ ನಡೆಯಬಹುದು ಎಂಬುದು ನಮಗೆ ದೊಡ್ಡ ನೆಮ್ಮದಿ.

ಮನೆಗೆಲಸ ಮಾಡುವವರಿಗೆ ವ್ಯಾಯಾಮ ಏಕೆ ಎಂಬ ಮಾತು ನಮ್ಮಲ್ಲಿ ಇನ್ನೂ ಇದೆ. ಮನೆಗೆಲಸ ಶ್ರಮದ್ದೇ, ಅದನ್ನು ಕಡೆಗಣಿಸಬಾರದು. ಆದರೆ ಅದರಲ್ಲಿ ಬಾಗುವುದು, ಒಂದೇ ಭಂಗಿಯಲ್ಲಿ ನಿಲ್ಲುವುದು ಹೆಚ್ಚು, ಹೊರೆ ಕ್ರಮವಾಗಿ ಏರುವುದು ಇಲ್ಲ. ಮುಟ್ಟು ನಿಂತ ನಂತರ ಹೆಂಗಸರ ಮೂಳೆ ಬೇಗ ಸವೆಯುತ್ತದೆ, ಭಾರ ಎತ್ತುವ ವ್ಯಾಯಾಮ ಆ ಸವೆತವನ್ನು ನಿಧಾನಗೊಳಿಸಲು ನೆರವಾಗುತ್ತದೆ. ಆದ್ದರಿಂದ ನೀರಿನ ಡಬ್ಬಿಗಳು ಅಕ್ಕನವರಿಗೂ ಎರಡು ಇರಲಿ.

ಉತ್ತರ: ಆಹಾರ ತಜ್ಞೆ, ಕಲಬುರಗಿ

ಊಟದ ಬಗ್ಗೆ ಕೇಳಿದ್ದೀರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 70 ಕಿಲೋ ತೂಕದವರಿಗೆ 58 ಗ್ರಾಂ. ಬಲ ವ್ಯಾಯಾಮ ಮಾಡುವವರು ಇದಕ್ಕಿಂತ ತುಸು ಹೆಚ್ಚು ತೆಗೆದುಕೊಳ್ಳಬಹುದು. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಅದಕ್ಕಿಂತ ತುಸು ಹೆಚ್ಚು ಪ್ರೋಟೀನ್ ಇರುತ್ತದೆ. ಜೋಳದಲ್ಲಿ ಕಡಿಮೆ ಇರುವ ಲೈಸೀನ್ ಎಂಬ ಪ್ರೋಟೀನಿನ ಅಂಶ ಬೇಳೆಯಲ್ಲಿ ಧಾರಾಳವಾಗಿದೆ. ಆದ್ದರಿಂದ ರೊಟ್ಟಿಯೊಂದಿಗೆ ಬೇಳೆ ಹಾಕಿದ ಪುಂಡಿ ಪಲ್ಯ, ಮೊಳಕೆ ಬಂದ ಕಾಳು, ಗಟ್ಟಿ ಮೊಸರು ಎಂಬ ನಮ್ಮ ಊಟದ ಜೋಡಣೆ ತಿರುಳಿನಲ್ಲಿ ಸರಿಯಾದದ್ದು. ತಪ್ಪುತ್ತಿರುವುದು ಪ್ರಮಾಣ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ತೊಗರಿ ಬೇಳೆಯ ನಾಡಿನಲ್ಲಿಯೇ ಅನೇಕರ ತಾಟಿನಲ್ಲಿ ಬೇಳೆ ತೆಳುವಾದ ಸಾರಾಗಿ ಬರುತ್ತದೆ. ಗಟ್ಟಿ ಬೇಳೆ ಒಂದು ಬಟ್ಟಲು ಪೂರ್ತಿ ಇರಲಿ. ಶೇಂಗಾ ಹಿಂಡಿ ಒಳ್ಳೆಯದು, ಆದರೆ ಅದರಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ತೂಕ ಇಳಿಸಬೇಕಾದವರು ಎರಡು ಚಮಚಕ್ಕೆ ನಿಲ್ಲಿಸಬೇಕು. ಮೊಟ್ಟೆ ತಿನ್ನುವವರಾದರೆ ಲೆಕ್ಕ ಇನ್ನೂ ಸುಲಭ. ಪ್ರೋಟೀನ್ ಪುಡಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ತೂಕದ ಯಂತ್ರಕ್ಕಿಂತ ಅಳತೆಪಟ್ಟಿಯನ್ನು ನಂಬಿರಿ. ಭಾರತೀಯರಲ್ಲಿ ಗಂಡಸರ ಸೊಂಟ 90 ಸೆಂಟಿಮೀಟರು, ಹೆಂಗಸರದು 80 ಸೆಂಟಿಮೀಟರು ದಾಟಿದರೆ ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆಯ ಅಪಾಯ ಹೆಚ್ಚು ಎಂದು ವೈದ್ಯರು ಪರಿಗಣಿಸುತ್ತಾರೆ. ತಿಂಗಳಿಗೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಸ್ನಾಯು ಬೆಳೆದು ಕೊಬ್ಬು ಕರಗುವಾಗ ತೂಕ ಅಲ್ಲಿಯೇ ನಿಂತಿರಬಹುದು, ಅಳತೆಪಟ್ಟಿಯಲ್ಲಿ ಬದಲಾವಣೆ ಕಾಣುತ್ತದೆ, ಅದೇ ಮುಂದುವರಿಯಲು ಬಲ ಕೊಡುತ್ತದೆ.

ಬಿಸಿಲಿನ ಬಗ್ಗೆ ಒಂದು ಎಚ್ಚರಿಕೆಯನ್ನು ಸ್ಪಷ್ಟವಾಗಿ ಹೇಳಲೇಬೇಕು. ಶಾಖಕ್ಕೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು, ಆದ್ದರಿಂದ ಸೆಕೆ ಶುರುವಾದ ಮೊದಲ ದಿನಗಳಲ್ಲಿ ಹೊರೆಯನ್ನು ಅರ್ಧಕ್ಕೆ ಇಳಿಸಿರಿ. ನಮ್ಮ ಒಣ ಹವೆಯಲ್ಲಿ ಬೆವರು ಬಂದಂತೆಯೇ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವು ಎಂಬುದು ಅರಿವಿಗೆ ಬರುವುದಿಲ್ಲ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದೆಂದು ತಿಳಿಯಿರಿ. ಚಿಟಿಕೆ ಉಪ್ಪು ಹಾಕಿದ ಮಜ್ಜಿಗೆ ಉತ್ತಮ, ರಕ್ತದೊತ್ತಡ ಇರುವವರು ಉಪ್ಪಿನ ವಿಷಯವನ್ನು ವೈದ್ಯರಲ್ಲಿ ಕೇಳಬೇಕು. ವ್ಯಾಯಾಮದ ನಡುವೆ ತಲೆಸುತ್ತು, ವಾಕರಿಕೆ, ತಲೆನೋವು ಬಂದರೆ ಕೂಡಲೇ ನಿಲ್ಲಿಸಿ ತಣ್ಣಗಿನ ಜಾಗಕ್ಕೆ ಬನ್ನಿರಿ. ಮಾತು ತಡವರಿಸಿ, ಗೊಂದಲವಾಗಿ, ಮೈ ಸುಡತೊಡಗಿದರೆ ಅದು ಉಷ್ಣಾಘಾತ: 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಗೆ ನೀರು ಸುರಿದು ಗಾಳಿ ಹಾಕುತ್ತಿರಬೇಕು.

ಉತ್ತರ: ತಾಲೀಮಿನ ಹುಡುಗ, ಯಾದಗಿರಿ

ಹಿರಿಯರಿಗೆ ಶರಣು. ನಾನು ಕುಸ್ತಿ ಕಲಿಯುವವನು. ಹೆಚ್ಚು ಓದಿದವನಲ್ಲ, ಆದರೆ ಒಂದು ಮಾತು ಹೇಳಬೇಕೆನಿಸಿತು. ನಮ್ಮ ತಾಲೀಮಿನಲ್ಲಿ ನಸುಕಿಗೆ ಬಾರದವನ ಮನೆಗೆ ವಸ್ತಾದರು ಇನ್ನೊಬ್ಬ ಹುಡುಗನನ್ನು ಕಳುಹಿಸುತ್ತಾರೆ. ಬೈಯಲು ಅಲ್ಲ, ಆರಾಮಿದ್ದಾನೋ ಇಲ್ಲವೋ ನೋಡಿ ಬರಲು. ಹುಡುಗ ಬಾಗಿಲಿಗೆ ಬಂದು ನಿಂತ ಮೇಲೆ ಮಲಗಿರಲು ಮನಸ್ಸು ಬರುವುದಿಲ್ಲ. ಜಾತ್ರೆಯ ಕುಸ್ತಿಗೆ ತಿಂಗಳು ಇದೆ ಎಂದಾಗ ಎಲ್ಲರಿಗೂ ಉಮೇದು ಇರುತ್ತದೆ, ಜಾತ್ರೆ ಮುಗಿದ ಮೇಲೆ ಕುಸ್ತಿಯ ಕಣಕ್ಕೆ ಇಳಿಯುವಂತೆ ಮಾಡುವುದು ಈ ಸಂಗಡಿಗರೇ. ಅಣ್ಣಾವ್ರು ಉದ್ಯಾನದಲ್ಲಿ ನಾಲ್ಕು ಮುಖಗಳು ಸಿಗುತ್ತವೆ ಎಂದು ಬರೆದಿದ್ದಾರೆ. ಬೇಸಿಗೆಯಲ್ಲಿ ಆ ನಾಲ್ವರೂ ತಮ್ಮ ತಮ್ಮ ಮನೆಯಲ್ಲಿ ಒಬ್ಬೊಬ್ಬರೇ ಆಗಿರುತ್ತಾರೆ. ಅವರ ಮೊಬೈಲ್ ಸಂಖ್ಯೆ ಈಗಲೇ ತೆಗೆದುಕೊಂಡು, ವ್ಯಾಯಾಮ ಮುಗಿದೊಡನೆ ಒಬ್ಬರಿಗೊಬ್ಬರು ಒಂದು ಸಂದೇಶ ಹಾಕಿದರೆ ಸಾಕು.

ಪ್ರಶ್ನೆ ಕೇಳಿದವರು, ಸೇಡಂ ರಸ್ತೆಯ ನಿವಾಸಿ

ಎಲ್ಲರೂ ಇಷ್ಟು ಕಾಳಜಿಯಿಂದ ಬರೆದದ್ದಕ್ಕೆ ಋಣಿಯಾಗಿದ್ದೇನೆ. ಅಕ್ಕನವರ ಮಾತಿನಂತೆ ಮನೆಯವರೊಂದಿಗೆ ಮಾತನಾಡಿದೆ. ವ್ಯಾಯಾಮದ ಮೂರು ದಿನ ಬೆಳಿಗ್ಗೆ ರೊಟ್ಟಿಯ ಬದಲು ಉಪ್ಪಿಟ್ಟು ಅಥವಾ ಸುಸಲಾ, ಅದನ್ನು ನಾನೇ ಮಾಡುವುದೆಂದು ತೀರ್ಮಾನವಾಗಿದೆ. ಉದ್ಯಾನದ ಗೆಳೆಯರ ಸಂಖ್ಯೆಗಳನ್ನೂ ಪಡೆಯುತ್ತೇನೆ. ಗುರುಗಳಿಗೆ ಎರಡು ಸಂದೇಹ. ಕುರ್ಚಿಯ ಬಸ್ಕಿ ಮಾಡಿ ನೋಡಿದಾಗ ಬಲ ಮೊಣಕಾಲಿನಲ್ಲಿ ಕಟಕಟ ಸದ್ದು ಬರುತ್ತದೆ, ನಿಲ್ಲಿಸಬೇಕೇ? ಮಗಳಿಗೆ ಈ ವಯಸ್ಸಿನಲ್ಲಿ ಇಂತಹ ವ್ಯಾಯಾಮದಿಂದ ಎತ್ತರ ಕುಂಠಿತವಾಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ, ಇದು ನಿಜವೇ?

ಉತ್ತರ: ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ಕಲಬುರಗಿ

ಮಗಳ ವಿಷಯದಲ್ಲಿ ಚಿಂತೆ ಬೇಡ. ಸರಿಯಾದ ಭಂಗಿಯಲ್ಲಿ ಮಾಡುವ ಬಸ್ಕಿ, ದಂಡಗಳಿಂದ ಎತ್ತರ ಕುಂಠಿತವಾಗುವುದಿಲ್ಲ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಹೇಳುತ್ತದೆ. ಆದರೆ ಅವಳಿಗೆ ಎಣಿಕೆಯ ವ್ಯಾಯಾಮಕ್ಕಿಂತ ಹಗ್ಗದಾಟ, ಕೊಕ್ಕೊ, ಸೈಕಲ್ ಹೆಚ್ಚು ರುಚಿಸುತ್ತವೆ, ಬಲವಂತ ಮಾಡಬೇಡಿರಿ.

ಮೊಣಕಾಲಿನ ಸದ್ದಿನೊಂದಿಗೆ ನೋವು ಅಥವಾ ಬಾವು ಇಲ್ಲದಿದ್ದರೆ ಸಾಮಾನ್ಯವಾಗಿ ಹೆದರಬೇಕಾದದ್ದಿಲ್ಲ. ನೋವಿದ್ದರೆ, ಕಾಲು ಸಿಕ್ಕಿಕೊಂಡಂತಾದರೆ, ಅಥವಾ ಮೆಟ್ಟಿಲು ಇಳಿಯುವಾಗ ಮೊಣಕಾಲು ಕೈಕೊಟ್ಟಂತಾದರೆ ಮೂಳೆ ವೈದ್ಯರಿಗೆ ತೋರಿಸಿದ ನಂತರವೇ ಮುಂದುವರಿಯಿರಿ. ಬರಿಯ ಸದ್ದು ಮಾತ್ರವಾದರೆ ಕುರ್ಚಿಯ ಮೇಲೆ ಗಟ್ಟಿಯಾದ ಎರಡು ದಿಂಬು ಇಟ್ಟು, ಅಷ್ಟೇ ಎತ್ತರದವರೆಗೆ ಇಳಿದು ಏಳುವುದನ್ನು ಎರಡು ವಾರ ಮಾಡಿರಿ. ಎಂಟು ಸಲದ ಎರಡು ಸುತ್ತು ಸಾಕು. ತೊಡೆಯಲ್ಲಿ ಆಯಾಸ ಕಾಣಬೇಕು, ಮೊಣಕಾಲಿನಲ್ಲಿ ಅಲ್ಲ. ಹಾಗಿದ್ದರೆ ಮೂರನೆಯ ವಾರ ಒಂದು ದಿಂಬು ತೆಗೆಯಿರಿ, ಇನ್ನೆರಡು ವಾರ ಬಿಟ್ಟು ಎರಡನೆಯದನ್ನೂ ತೆಗೆಯಿರಿ.